ಮದರ್‌ಬೋರ್ಡನ್ನು ಕೊಳ್ಳುವ ವಿಚಾರ

ಬಿಡಿಭಾಗಗಳನ್ನು ತಂದು ಕಂಪ್ಯೂಟರನ್ನು ಜೋಡಿಸಿಕೊಳ್ಳುವ ಗೃಹಸ್ಥರಲ್ಲಿ ಅನೇಕರು ಮೊದಲು ಪ್ರೊಸೆಸರನ್ನು ಗೊತ್ತುಮಾಡಿಕೊಂಡು, ಉಳಿದ ಹಣಕ್ಕೆ ದೊರೆತ ಮದರ್‌ಬೋರ್ಡನ್ನು ಕೊಳ್ಳುವರು. ತುಪ್ಪಕ್ಕೆ ಪಾತ್ರೆಯು ಆಧಾರವೋ, ಪಾತ್ರೆಗೆ ತುಪ್ಪವು ಆಧಾರವೋ ಎಂದು ಸಂಶಯಗೊಂಡು ಪಾತ್ರೆಯನ್ನೇ ಮಗುಚಿದ ತಾರ್ಕಿಕನ ಕಥೆಯನ್ನು ವಾಚಕರು ಕೇಳಿಯೇ ಇರಬಹುದು. ಪ್ರೊಸೆಸರು, ಮೆಮೊರಿ, ಡಿಸ್ಕು ಇವೆಲ್ಲವೂ ಆಧೇಯಗಳು, ಬೋರ್ಡೊಂದೇ ಆಧಾರ. ಅದು ಕೆಟ್ಟ ದಿನ ಮಿಕ್ಕವೆಲ್ಲ ಗಟ್ಟಿಯಾಗಿದ್ದರೂ ಸುಮ್ಮನೆ ಕುಳಿತಿರುವುವು.

ನಮ್ಮ ಕಿರಿಯ ಮಗಳು ಇಂಜಿನಿಯರಿಂಗ್ ಕಾಲೇಜನ್ನು ಸೇರಿದಾಗ ಈ ವಿಚಾರವು ನಮಗೆ ಒದಗಿತು. ಪಿಂಚಣಿಯ ಹಣದಲ್ಲಿ ಇಂಥ ವಸ್ತುವನ್ನು ಒಂದು ಸಲ ಕೊಳ್ಳಬಹುದೇ ಹೊರತು ಎರಡನೆಯ ಸಲಕ್ಕೆ ಅವಕಾಶವಿಲ್ಲ. ವ್ಯಾಸಂಗವು ನಾಲ್ಕು ವರ್ಷ. ಬೋರ್ಡಿಗೆ ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುವ ವಾರಂಟಿಯು ಮೂರೇ ವರ್ಷ. ಪ್ರಾಜೆಕ್ಟನ್ನು ಮುಗಿಸಬೇಕಾದ ಆ ಕೊನೆಯ ವರ್ಷದಲ್ಲಿ ನಮ್ಮನ್ನು ಕಾಯತಕ್ಕದ್ದು ಕಂಪನಿಯ ಚೀಟಿಯಲ್ಲ, ಬೋರ್ಡಿನ ಸ್ವಂತ ಗಟ್ಟಿತನ. ಆದಕಾರಣ ನಾಲ್ಕನೆಯ ವರ್ಷವನ್ನು ದಾಟಿಸುವ ಬೋರ್ಡು ಯಾವುದೆಂದು ವಿಚಾರಿಸತೊಡಗಿದೆವು.

ಬೋರ್ಡಿನ ಆಯುಸ್ಸು ಬಹುಮಟ್ಟಿಗೆ ವಿದ್ಯುತ್ತನ್ನು ಪಳಗಿಸುವ ಭಾಗದಲ್ಲಿದೆ. ಪವರ್ ಸಪ್ಲೈಯಿಂದ ಬರುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಸುಮಾರು 1 ವೋಲ್ಟಿಗೆ ಇಳಿಸುವ ಈ ಭಾಗಕ್ಕೆ ವಿಆರ್‌ಎಂ ಎಂದು ಹೆಸರು. ದುಡಿದಷ್ಟೂ ಅದು ಕಾಯುವುದು. ಕಾವೇ ಅದರ ಶತ್ರು. ದ್ರವವುಳ್ಳ ಕೆಪಾಸಿಟರುಗಳ ಆಯುಸ್ಸು ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುವುದೆಂಬುದು ಇಂಜಿನಿಯರುಗಳ ಲೆಕ್ಕ. 2000ದ ದಶಕದ ಮೊದಲ ಭಾಗದಲ್ಲಿ ದೋಷಯುಕ್ತವಾದ ಇಂಥ ಕೆಪಾಸಿಟರುಗಳು ಉಬ್ಬಿ ಒಡೆದು ಅನೇಕ ಬೋರ್ಡುಗಳು ಹಾಳಾದುವು. ಈಗ ಘನ ಪಾಲಿಮರ್ ಕೆಪಾಸಿಟರುಗಳು ಬಂದು ಆ ಭಯವು ಕಡಮೆಯಾಗಿದ್ದರೂ ಕಾವಿನ ಭಯವು ಹೋಗಿಲ್ಲ. ಎಎಂಡಿಯ ಎಎಂ5 ಪ್ರೊಸೆಸರುಗಳಲ್ಲಿ ಹೆಸರಿಗೆ 65 ವಾಟಿನದು ದುಡಿಯುವಾಗ 88 ವಾಟಿನವರೆಗೂ ಎಳೆಯುವುದುಂಟು. ಆದುದರಿಂದ ವಿಆರ್‌ಎಂ ಮೇಲೆ ಲೋಹದ ಹೀಟ್‌ಸಿಂಕ್ ಇದೆಯೋ ಎಂದು ಮೊದಲು ನೋಡತಕ್ಕದ್ದು. ಬಣ್ಣದ ದೀಪಗಳಿಂದ ಆಯುಸ್ಸು ಬೆಳೆಯದು.

ಎರಡನೆಯದು ಹೊಂದಿಕೆ. ಇಂಟೆಲಿನ ಎಲ್‌ಜಿಎ1700 ಬೋರ್ಡುಗಳಲ್ಲಿ ಕೆಲವಕ್ಕೆ ಡಿಡಿಆರ್4, ಕೆಲವಕ್ಕೆ ಡಿಡಿಆರ್5 ಮೆಮೊರಿ. ಒಂದರ ಗಾಡಿಯಲ್ಲಿ ಇನ್ನೊಂದು ಕೂರದು. ಬೋರ್ಡಿನಲ್ಲಿ ಎಚ್‌ಡಿಎಂಐ ಕಿಂಡಿ ಇದ್ದಮಾತ್ರಕ್ಕೆ ಚಿತ್ರ ಬಾರದು. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರಾದರೆ ಬೇರೆ ಗ್ರಾಫಿಕ್ಸ್ ಕಾರ್ಡು ಬೇಕು. ಹೊಸ ಪ್ರೊಸೆಸರನ್ನು ಬೋರ್ಡಿನ ಹಳೆಯ ಬಯಾಸ್ ಗುರುತಿಸದಿರಬಹುದು. ಕಂಪನಿಯ ಪಟ್ಟಿಯನ್ನು ನೋಡಿಯೇ ಕೊಳ್ಳಬೇಕು. ಸಾಕೆಟ್ಟಿನ ಬಾಳಿಕೆಯೂ ಮುಖ್ಯ. 2017ರಲ್ಲಿ ರೈಜ಼ನ್ ಪ್ರೊಸೆಸರುಗಳಿಗೆ ನೆಲೆಯಾದ ಎಎಂ4 ಸಾಕೆಟ್ಟಿಗೆ 2024ರಲ್ಲಿಯೂ ಹೊಸ ಪ್ರೊಸೆಸರುಗಳು ಬಂದುವು.

ಇಷ್ಟನ್ನು ತಿಳಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಅಂಗಡಿಯವರು ಎಂಟು ಕೋರಿನ ಪ್ರೊಸೆಸರಿಗೆ ಹೀಟ್‌ಸಿಂಕ್ ಇಲ್ಲದ ಅಗ್ಗದ ಎ620 ಬೋರ್ಡನ್ನು ಜೋಡಿಸಿ ಬೆಲೆ ಹೇಳಿದರು. ಅದೇ ಹಣಕ್ಕೆ ಆರು ಕೋರಿನದನ್ನೂ ಹೀಟ್‌ಸಿಂಕ್ ಉಳ್ಳ ಬಿ650 ಬೋರ್ಡನ್ನೂ ಕೊಡಬಹುದೇ ಎಂದು ಕೇಳಿದೆವು. “ಒಳಗಿರುವ ಬೋರ್ಡನ್ನು ಯಾರು ನೋಡುತ್ತಾರೆ, ಸಾರ್?” ಎಂದರು. “ನಾಲ್ಕನೆಯ ವರ್ಷ ನೋಡುತ್ತದೆ” ಎಂದೆವು. ಮಗಳ ಮುಖವು ಸ್ವಲ್ಪ ಬಾಡಿತು. ಗೆಳತಿಯರಲ್ಲಿ ಹೇಳಿಕೊಳ್ಳುವುದಕ್ಕೆ ಎಂಟು ಎಂಬುದು ದೊಡ್ಡ ಸಂಖ್ಯೆ. ಪ್ರೊಸೆಸರನ್ನು ಮುಂದೆ ಅದೇ ಸಾಕೆಟ್ಟಿನಲ್ಲಿ ಬದಲಾಯಿಸಬಹುದು, ಬೋರ್ಡನ್ನು ಬದಲಾಯಿಸುವುದೆಂದರೆ ಎಲ್ಲವನ್ನೂ ಕಳಚಿದಂತೆ ಎಂದು ಹೇಳಿದ ಮೇಲೆ, “ಹಾಗಾದರೆ ಇದೇ ಇರಲಿ, ಅಪ್ಪಾ, ನೌಕರಿ ಸಿಕ್ಕಿದ ಮೇಲೆ ಎಂಟರದನ್ನು ನಾನೇ ಹಾಕಿಸುತ್ತೇನೆ” ಎಂದಳು.

ಕೊಂಡಮೇಲೆ ಎರಡು ಕೆಲಸಗಳುಂಟು. ಸೀರಿಯಲ್ ಸಂಖ್ಯೆಯನ್ನು ಬರೆಯಿಸಿದ ರಸೀತಿಯನ್ನೂ ಪೆಟ್ಟಿಗೆಯನ್ನೂ ಜೋಪಾನ ಮಾಡುವುದು ಒಂದು. ಕಂಪ್ಯೂಟರನ್ನು ಸಿಕ್ಕಿಸುವ ಗೋಡೆಯ ಪ್ಲಗ್ಗಿಗೆ ಸರಿಯಾದ ಅರ್ತಿಂಗ್ ಇದೆಯೇ ಎಂದು ಬಲ್ಲವರಿಂದ ನೋಡಿಸುವುದು ಇನ್ನೊಂದು. ಬೋರ್ಡು ಎಷ್ಟು ಒಳ್ಳೆಯದಾದರೂ ಮನೆಯ ವೈರಿಂಗಿನ ದೋಷವನ್ನು ಅದು ತಾನೇ ತಿದ್ದಿಕೊಳ್ಳಲಾರದು.