ವರ್ಗಾವಣೆಯ ಅರ್ಜಿಗಳು



ನಮ್ಮ ಮನೆತನದಲ್ಲಿ ವಕೀಲಿ ವೃತ್ತಿ ಹಿಡಿದವರು ಇದುವರೆಗೆ ಯಾರೂ ಇರಲಿಲ್ಲ. ಕೋರ್ಟಿನ ಮೆಟ್ಟಿಲು ಹತ್ತದೆ ಬಾಳುವುದೇ ಮರ್ಯಾದೆ ಎಂದು ನಂಬಿದ್ದ ಮನೆ ನಮ್ಮದು. ಹೀಗಿರುವಾಗ ನನ್ನ ತಂಗಿಯ ಮೊಮ್ಮಗಳು ಅಮೆರಿಕದಲ್ಲಿ ಕಾನೂನು ಓದಲು ಸೇರಿದಳೆಂಬ ಸುದ್ದಿ ಬಂದಾಗ ನನಗೆ ಅಚ್ಚರಿಯೂ ಆಯಿತು, ಸಂತೋಷವೂ ಆಯಿತು. ಅವಳು ಹುಟ್ಟಿ ಬೆಳೆದದ್ದು ಅಲ್ಲಿಯೇ. ಆದರೂ ಭಾನುವಾರ ತಪ್ಪದೆ ಫೋನು ಮಾಡಿ, "ಅಜ್ಜಾ" ಎಂದು ಕರೆದು, ತನಗೆ ಬಂದಷ್ಟು ಕನ್ನಡದಲ್ಲಿ ಮಾತನಾಡುತ್ತಾಳೆ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡವೆಂದಳು.

ಅಲ್ಲಿಯ ಪದ್ಧತಿಯನ್ನು ಮೊದಲು ಹೇಳಬೇಕು. ನಮ್ಮಲ್ಲಿ ಪಿಯುಸಿ ಮುಗಿಸಿದ ಮಕ್ಕಳು ನೇರವಾಗಿ ಐದು ವರ್ಷದ ಕಾನೂನು ಪದವಿಗೆ ಸೇರಬಹುದು. ಅಮೆರಿಕದಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಬೇರೊಂದು ಪದವಿ ಮುಗಿಸಿದ ಮೇಲೆಯೇ ಮೂರು ವರ್ಷದ ಕಾನೂನು ಓದು. ಮೊದಲ ವರ್ಷದಲ್ಲಿ ಕರಾರು, ಆಸ್ತಿ, ಅಪರಾಧ ಮುಂತಾದ ವಿಷಯಗಳು. ಹೆಚ್ಚಿನ ವಿಷಯಗಳಿಗೆ ಕೊನೆಯ ಒಂದೇ ಪರೀಕ್ಷೆ. ಅಂಕ ಕೊಡುವುದೂ ಸಹಪಾಠಿಗಳ ಜೊತೆ ತೂಗಿನೋಡಿ. ಎಲ್ಲರೂ ಚೆನ್ನಾಗಿ ಬರೆದರೂ ಎಲ್ಲರಿಗೂ ಉತ್ತಮ ದರ್ಜೆ ಸಿಗುವುದಿಲ್ಲ. ಆ ಒಂದು ವರ್ಷದ ಅಂಕಗಳನ್ನು ಹಿಡಿದುಕೊಂಡು ಎರಡನೆಯ ವರ್ಷಕ್ಕೆ ಇನ್ನೊಂದು ಕಾಲೇಜಿಗೆ, ಎಂದರೆ ಹೆಚ್ಚು ಹೆಸರುಳ್ಳ ಕಾಲೇಜಿಗೆ, ವರ್ಗಾವಣೆ ಕೋರಿ ಅರ್ಜಿ ಹಾಕಬಹುದು. ಅಲ್ಲಿ ಕಾಲೇಜುಗಳಿಗೆ ಶ್ರೇಯಾಂಕವಿದೆ. ದೊಡ್ಡ ವಕೀಲ ಸಂಸ್ಥೆಗಳು ಆ ಶ್ರೇಯಾಂಕವನ್ನು ನೋಡಿಯೇ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುವುದುಂಟು.

2025ರ ಬೇಸಿಗೆಯಲ್ಲಿ ನಮ್ಮ ಹುಡುಗಿ ಹೀಗೆ ನಾಲ್ಕು ಕಾಲೇಜುಗಳಿಗೆ ಅರ್ಜಿ ಹಾಕಿದಳು. ಜುಲೈ ಮುಗಿಯುವ ಹೊತ್ತಿಗೆ ನಾಲ್ಕು ಕಡೆಯಿಂದಲೂ ಇಲ್ಲವೆಂಬ ಉತ್ತರ ಬಂತು.

ಆ ಭಾನುವಾರ ಅವಳ ಧ್ವನಿ ಕೇಳಿದೊಡನೆಯೇ ಗೊತ್ತಾಯಿತು. "ಅಜ್ಜಾ, ನಾಲ್ಕೂ ಹೋಯ್ತು. ಆಗಸ್ಟಿನಲ್ಲಿ ಮತ್ತೆ ಅದೇ ಕಾಲೇಜಿಗೆ ಹೋಗಿ ಅದೇ ಬೆಂಚಿನಲ್ಲಿ ಕೂರಬೇಕು. ನಾನು ಬಿಟ್ಟುಹೋಗಲು ನೋಡಿದ್ದು ಸ್ನೇಹಿತರಿಗೆಲ್ಲ ಗೊತ್ತು" ಎಂದಳು.

ಮೂವತ್ತು ವರ್ಷ ಪಾಠ ಹೇಳಿದವನಿಗೆ ಸಮಾಧಾನದ ಕಥೆಗಳಿಗೆ ಬರವೇ? ಕೂಡಲೇ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರ ಕಥೆ ತೆಗೆದೆ. ಅವರು 1956ರಲ್ಲಿ ಹಾರ್ವರ್ಡ್ ಕಾನೂನು ಶಾಲೆ ಸೇರಿದವರು. ಸುಮಾರು ಐನೂರು ಮಂದಿಯ ತರಗತಿಯಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಪತಿಗೆ ನ್ಯೂಯಾರ್ಕಿನಲ್ಲಿ ಕೆಲಸ ಸಿಕ್ಕಿದಾಗ 1958ರಲ್ಲಿ ಕೊಲಂಬಿಯಾಕ್ಕೆ ವರ್ಗಾಯಿಸಿಕೊಂಡರು. ಕೊನೆಯ ವರ್ಷವನ್ನು ಅಲ್ಲಿ ಓದಿದರೂ ಪದವಿಯನ್ನು ಹಾರ್ವರ್ಡಿನಿಂದಲೇ ಕೊಡಿ ಎಂದು ಕೇಳಿದ್ದಕ್ಕೆ ಆ ಶಾಲೆ ಒಪ್ಪಲಿಲ್ಲ. 1959ರಲ್ಲಿ ಕೊಲಂಬಿಯಾದಲ್ಲಿ ಮೊದಲ ಸ್ಥಾನವನ್ನು ಹಂಚಿಕೊಂಡು ಹೊರಬಂದ ಮೇಲೆಯೂ ನ್ಯೂಯಾರ್ಕಿನ ಒಂದು ವಕೀಲ ಸಂಸ್ಥೆಯೂ ಕೆಲಸ ಕೊಡಲಿಲ್ಲ. ಅಂಥವರು 1993ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು.

ಹುಡುಗಿ ಮೌನವಾಗಿ ಕೇಳಿಸಿಕೊಂಡಳು. ಬಳಿಕ ಹೇಳಿದಳು: "ಅಜ್ಜಾ, ಅವರು ತರಗತಿಗೇ ಮೊದಲು. ನಾನಲ್ಲ. ಗೆದ್ದವರ ಕಥೆ ಹೇಳಿದರೆ ಸೋತವರಿಗೆ ಏನು ಉಪಯೋಗ?"

ಅವಳ ಮಾತು ಸರಿಯಾಗಿಯೇ ಇತ್ತು. ಉತ್ತರ ಹೊಳೆಯದೆ, ಇದುವರೆಗೆ ಮನೆಯಲ್ಲಿಯೂ ಪೂರ್ತಿ ಹೇಳಿರದ ನನ್ನದೇ ಕಥೆಯನ್ನು ಹೇಳಿದೆ.

1978ರಲ್ಲಿ ನನ್ನನ್ನು ಶರಾವತಿ ಹಿನ್ನೀರಿನಾಚೆಯ ಒಂದು ಶಾಲೆಗೆ ಹಾಕಿದರು. ಲಾಂಚಿನಲ್ಲಿ ನೀರು ದಾಟಿ, ಆಮೇಲೆ ನಡೆದು ಹೋಗಬೇಕಾದ ಊರು. ಸೇರಿದ ಮರುವರ್ಷದಿಂದಲೇ ವರ್ಗಾವಣೆಗೆ ಅರ್ಜಿ ಹಾಕತೊಡಗಿದೆ. ಮೂರು ವರ್ಷ ಮೂರು ಅರ್ಜಿ, ಮೂರೂ ತಿರಸ್ಕೃತ. ಮೂರನೆಯದು 1981ರಲ್ಲಿ ತಿರಸ್ಕೃತವಾದಾಗ ನನ್ನ ಮನಸ್ಸು ಕಹಿಯಾಯಿತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಮಕ್ಕಳಿಗೆ ಗಾದೆ ವಿವರಿಸುತ್ತಿದ್ದವನು ನಾನೇ ಪೇಟೆಯ ಶಾಲೆಯ ಕನಸಿನಲ್ಲಿ ಮುಳುಗಿದ್ದೆ. ಆ ವರ್ಷ ಶನಿವಾರ ಮಧ್ಯಾಹ್ನದ ಲಾಂಚು ಹಿಡಿದು ಹೊರಟರೆ ಸೋಮವಾರ ತಡವಾಗಿ ಮರಳುತ್ತಿದ್ದೆ. ಏಳನೆಯ ತರಗತಿಯ ಗಣಿತ ಮುಗಿಯಲೇ ಇಲ್ಲ. ಮುಂದಿನ ವರ್ಷಗಳಲ್ಲಿ ಮನಸ್ಸು ನಿಂತಿತು. ಅದೇ ಶಾಲೆಯಲ್ಲಿ ಒಟ್ಟು ಹನ್ನೊಂದು ವರ್ಷ ಕಳೆದೆ. ಈ ಪುಟಗಳಲ್ಲಿ ನಾನು ಪ್ರೀತಿಯಿಂದ ನೆನೆಯುವ ಎಷ್ಟೋ ಸಂಗತಿಗಳು ಅಲ್ಲಿಯವೇ.

"ನೋಡು ಮಗೂ, ವರ್ಗ ಸಿಗದಿದ್ದುದೇ ಒಳ್ಳೆಯದಾಯಿತು" ಎಂದು ಕಥೆ ಮುಗಿಸುವವನಿದ್ದೆ. ಅಷ್ಟರಲ್ಲಿ ಅವಳು ಕೇಳಿದಳು: "ಅಜ್ಜಾ, ಆ ಒಂದು ವರ್ಷದ ಮಕ್ಕಳಿಗೆ ಏನಾಯ್ತು?"

ವಕೀಲೆಯಾಗುವವಳ ಪ್ರಶ್ನೆಯದು. ನಾನು ತಡವರಿಸಿದೆ. ಕೆಲವರು ಹೇಗೋ ಪಾಸಾದರು. ಬಾಯಿಲೆಕ್ಕದಲ್ಲಿ ನನ್ನನ್ನೂ ಮೀರಿಸುತ್ತಿದ್ದ ಒಬ್ಬ ಹುಡುಗ ಏಳನೆಯ ತರಗತಿಯ ಪರೀಕ್ಷೆಯಲ್ಲಿ ನಪಾಸಾದ. ಮರಳಿ ಶಾಲೆಗೆ ಬರಲಿಲ್ಲ. ಅಡಿಕೆ ತೋಟದ ಕೆಲಸಕ್ಕೆ ಹೋದ. ನನ್ನ ಅರ್ಜಿ ತಿರಸ್ಕರಿಸಿದ್ದು ಕಚೇರಿ. ಅದರ ದಂಡ ತೆತ್ತದ್ದು ಆ ಹುಡುಗ. ಇಷ್ಟನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು.

ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಅಜ್ಜಾ, ಕಾಗದ ಪೆನ್ನು ತಗೊಳ್ಳಿ. ಮುಂದೇನು ಅಂತ ಬರೆಯೋಣ" ಎಂದಳು.

ಆ ಬೇಸಿಗೆ ರಜೆಯಲ್ಲಿ ಅವಳು ಬಡವರಿಗೆ ಉಚಿತ ಕಾನೂನು ನೆರವು ನೀಡುವ ಕಚೇರಿಯೊಂದರಲ್ಲಿ ಕೆಲಸ ಮಾಡಿದ್ದಳು. ಬಾಡಿಗೆ ಕಟ್ಟಲಾಗದೆ ಮನೆ ಖಾಲಿ ಮಾಡಬೇಕಾದವರ ಮೊಕದ್ದಮೆಗಳು. ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರವೇ ವಕೀಲರನ್ನು ಒದಗಿಸಬೇಕೆಂದು ಅಲ್ಲಿಯ ಸುಪ್ರೀಂ ಕೋರ್ಟು 1963ರಲ್ಲಿಯೇ ತೀರ್ಪಿತ್ತಿದೆ. ಗಿಡಿಯನ್ ಎಂಬ ಬಡ ಕೈದಿ ಜೈಲಿನಿಂದ ಪೆನ್ಸಿಲ್ಲಿನಲ್ಲಿ ಬರೆದು ಕಳಿಸಿದ ಅರ್ಜಿಯಿಂದ ಬಂದ ತೀರ್ಪು ಅದು. ವಕೀಲರ ನೆರವಿನಿಂದ ಮರುವಿಚಾರಣೆಯಾದಾಗ ಆತ ನಿರ್ದೋಷಿಯೆಂದು ಬಿಡುಗಡೆಯಾದ. ಆದರೆ ಆ ಹಕ್ಕು ಮನೆ ಕಳೆದುಕೊಳ್ಳುವವರಿಗೆ ಅನ್ವಯಿಸುವುದಿಲ್ಲ. ಕೆಲವು ನಗರಗಳಲ್ಲಿ, ಕೆಲವು ರಾಜ್ಯಗಳಲ್ಲಿ ಮಾತ್ರ ಅದಕ್ಕೆ ಪ್ರತ್ಯೇಕ ಏರ್ಪಾಡಿದೆ. ಉಳಿದೆಡೆ ಎಷ್ಟೋ ಮಂದಿ ವಕೀಲರಿಲ್ಲದೆ ಒಂಟಿಯಾಗಿ ನ್ಯಾಯಾಧೀಶರೆದುರು ನಿಲ್ಲುತ್ತಾರೆ. "ಅವರ ಪಕ್ಕ ನಿಲ್ಲಬೇಕು ಅಂತಲೇ ನಾನು ಕಾನೂನಿಗೆ ಬಂದದ್ದು. ನಡುವೆ ಕಾಲೇಜಿನ ಹೆಸರೇ ಮುಖ್ಯವಾಗಿಬಿಟ್ಟಿತು" ಎಂದಳು.

ಕಾಗದದ ಎಡಭಾಗದಲ್ಲಿ ಕಳೆದುಹೋದದ್ದು. ದೊಡ್ಡ ವಕೀಲ ಸಂಸ್ಥೆಗಳ ಬಾಗಿಲು ಕಿರಿದಾಯಿತು. ಅದನ್ನು ಮರೆಮಾಚಬೇಡಿ ಎಂದಳು, ಹಾಗೆಯೇ ಬರೆದೆ. ಬಲಭಾಗದಲ್ಲಿ ಉಳಿದದ್ದು. ಈಗಿರುವ ಕಾಲೇಜು ಕೊಟ್ಟಿರುವ ವಿದ್ಯಾರ್ಥಿವೇತನ ಉಳಿಯಿತು. ವರ್ಗವಾಗಿ ಹೋದವರಿಗೆ ಅದು ಸಿಗುವುದು ಅಪರೂಪ. ಎರಡನೆಯ ವರ್ಷ ಸಾಕ್ಷ್ಯ ಕಾನೂನು ಓದುವುದು. ಅರ್ಹರಾದ ಹಿರಿಯ ವಿದ್ಯಾರ್ಥಿಗಳು ಪರವಾನಗಿ ಪಡೆದ ವಕೀಲರ ಮೇಲ್ವಿಚಾರಣೆಯಲ್ಲಿ ಕೋರ್ಟಿನಲ್ಲಿ ವಾದಿಸಲು ಅಲ್ಲಿಯ ರಾಜ್ಯಗಳಲ್ಲಿ ಅವಕಾಶವಿದೆ. ಅವಳ ಕಾಲೇಜಿನ ನೆರವು ಕೇಂದ್ರದಲ್ಲಿ ಆ ಕೆಲಸ ಹಿಡಿಯುವುದು. ಬರವಣಿಗೆಯನ್ನು ನಿಷ್ಠುರವಾಗಿ ತಿದ್ದುವ ಒಬ್ಬ ಪ್ರಾಧ್ಯಾಪಕರನ್ನು ಹುಡುಕಿಕೊಳ್ಳುವುದು. ಓದು ಮುಗಿದ ಮೇಲೆ ರಾಜ್ಯದ ವಕೀಲರ ಪರೀಕ್ಷೆ. ಅದು ಎಲ್ಲ ಕಾಲೇಜಿನವರಿಗೂ ಒಂದೇ. ಸಾಲದ ಭಯಕ್ಕೂ ಒಂದು ದಾರಿ ಸಿಕ್ಕಿತು. ಸಾರ್ವಜನಿಕ ಸೇವೆಯಲ್ಲಿದ್ದುಕೊಂಡು 120 ಕಂತು ಕಟ್ಟಿದವರಿಗೆ ಉಳಿದ ಸರ್ಕಾರಿ ಶಿಕ್ಷಣ ಸಾಲ ಮನ್ನಾ ಮಾಡುವ ಯೋಜನೆ 2007ರಿಂದ ಅಲ್ಲಿದೆ.

ಬಲಭಾಗ ಎಡಭಾಗಕ್ಕಿಂತ ಉದ್ದವಾಗಿತ್ತು. ಆದರೂ ಅಂದು ರಾತ್ರಿ ಅತ್ತೆನೆಂದು ಅವಳೇ ಆಮೇಲೆ ಹೇಳಿದಳು. ಅಳುವುದರಲ್ಲಿ ತಪ್ಪೇನಿಲ್ಲ. ಬೇಡವೆನಿಸಿಕೊಂಡ ನೋವು ಪಟ್ಟಿ ಬರೆದಾಕ್ಷಣ ಹೋಗುವುದಿಲ್ಲ. ಆ ನೋವನ್ನು ನಮ್ಮನ್ನೇ ನಂಬಿದವರ ಮೇಲೆ ತೀರಿಸಿಕೊಳ್ಳದಿದ್ದರೆ ಸಾಕು. ಎರಡನೆಯ ವರ್ಷ ಶುರುವಾದ ವಾರವೇ ಅವಳು ನೆರವು ಕೇಂದ್ರಕ್ಕೆ ಹೆಸರು ಕೊಟ್ಟಳು.

ಅದೇ 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಹಿನ್ನೀರಿನ ಮೇಲಿನ ಸೇತುವೆ ಸಂಚಾರಕ್ಕೆ ತೆರೆಯಿತು. ಎರಡು ಕಿಲೋಮೀಟರಿಗೂ ಮಿಗಿಲಾದ ಸೇತುವೆ. ನಾವು ಲಾಂಚಿಗಾಗಿ ಮಳೆಯಲ್ಲಿ ಕಾದ ನೀರನ್ನು ಕಾರು ಕೆಲವೇ ನಿಮಿಷಗಳಲ್ಲಿ ದಾಟಿತು. ನಾನು ಹೋದದ್ದು ಸೇತುವೆ ನೋಡಲಲ್ಲ, ಆ ಹುಡುಗನನ್ನು ಹುಡುಕಲು. ಅವನು ಎಂದೋ ಭದ್ರಾವತಿ ಕಡೆಗೆ ಹೋದನೆಂದಷ್ಟೇ ಊರವರು ಹೇಳಿದರು.

1981–82ರ ಏಳನೆಯ ತರಗತಿಯ ನನ್ನ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನನ್ನನ್ನು ಕ್ಷಮಿಸಿ. ನಿಮಗೆ ಒಂದು ವರ್ಷದ ಗಣಿತ ಬಾಕಿ ಇದೆ. ಅವನ ವಿಳಾಸ ಬಲ್ಲವರಿದ್ದರೆ ದಯಮಾಡಿ ತಿಳಿಸಿ. ಮೇಷ್ಟ್ರು ಕೇಳಿದರು ಎಂದು ಅವನಿಗೂ ಹೇಳಿ.