ನೆರೆಮನೆಯ ನೀರು

ಒಂದು ಸಾಮಾನು ಬೇಕೋ ಬೇಡವೋ ಎಂದು ತೀರ್ಮಾನಿಸುವವರು ನಾವೇ ಎಂದು ನಾವೆಲ್ಲ ನಂಬಿದ್ದೇವೆ. ಮುಂಬಯಿಯ ನಮ್ಮ ಸರಕಾರಿ ವಸಾಹತಿನಲ್ಲಿ ನೀರು ಶುದ್ಧ ಮಾಡುವ ಆರ್.ಒ. ಯಂತ್ರ ಹಬ್ಬಿದ ಪರಿಯನ್ನು ಕಂಡ ಮೇಲೆ ನನ್ನ ನಂಬಿಕೆ ಸ್ವಲ್ಪ ಅಲುಗಿದೆ.

ಮೊದಲು ಕೆಳಗಿನ ಮಹಡಿಯ ಒಬ್ಬರು ತಂದರು. ದೀಪಾವಳಿಯ ಹೊತ್ತಿಗೆ ಹದಿನಾರು ಮನೆಗಳ ಪೈಕಿ ಹತ್ತು ಮನೆಗಳಲ್ಲಿ ಅದರ ನೀಲಿ ದೀಪ ಉರಿಯುತ್ತಿತ್ತು. ಒಂದು ಭಾನುವಾರ ಮಾರಾಟಗಾರನೊಬ್ಬ ಎಲ್ಲರೆದುರು ಎರಡು ಗ್ಲಾಸುಗಳಲ್ಲಿ ವಿದ್ಯುತ್ ಕಡ್ಡಿಗಳನ್ನು ಅದ್ದಿ ತೋರಿಸಿದ. ನಳದ ನೀರು ಕೆಸರಿನಂತೆ ಕಂದಾಯಿತು. ಯಂತ್ರದ ನೀರು ತಿಳಿಯಾಗಿಯೇ ಉಳಿಯಿತು. ನೆರೆದವರೆಲ್ಲ ಹೌಹಾರಿದರು.

ಬಿ.ಎಸ್‌ಸಿ.ಯಲ್ಲಿ ಓದಿದ ರಸಾಯನಶಾಸ್ತ್ರ ನನಗೆ ಅಂದು ನೆನಪಾಯಿತು. ನೀರಿನಲ್ಲಿ ಲವಣಗಳಿದ್ದರೆ ವಿದ್ಯುತ್ ಹರಿಯುತ್ತದೆ. ಹರಿದರೆ ಕಬ್ಬಿಣದ ಕಡ್ಡಿ ಸವೆದು ತುಕ್ಕಿನ ಬಣ್ಣ ಬಿಡುತ್ತದೆ. ಯಂತ್ರ ಲವಣಗಳನ್ನು ತೆಗೆದುಹಾಕಿರುವುದರಿಂದ ಆ ಗ್ಲಾಸಿನಲ್ಲಿ ಬಣ್ಣವಿಲ್ಲ. ಕೊಳೆ ನೀರಿನದಲ್ಲ, ಕಡ್ಡಿಯದು! ಹೀಗೆಂದಾಗ ಎಲ್ಲರೂ ತಲೆದೂಗಿದರು. ಮರುವಾರ ಇನ್ನೆರಡು ಯಂತ್ರಗಳು ಬಂದವು. ಜನ ಮರುಳೋ ಜಾತ್ರೆ ಮರುಳೋ!

ನಮ್ಮ ನಳದ ನೀರಿನಲ್ಲಿ ಕರಗಿರುವ ಲವಣ ಲೀಟರಿಗೆ 80 ಮಿಲಿಗ್ರಾಮಿನ ಆಸುಪಾಸು ಎಂದು ನಾನು ಕೊಂಡ ಚಿಕ್ಕ ಮೀಟರು ಹೇಳುತ್ತದೆ. ಭಾರತೀಯ ಮಾನಕದ ಪ್ರಕಾರ 500ರವರೆಗೆ ಚಿಂತೆಯಿಲ್ಲ. 2019ರಲ್ಲಿ ಮಾನಕ ಬ್ಯೂರೊ 21 ನಗರಗಳ ನಳದ ನೀರು ಪರೀಕ್ಷಿಸಿದಾಗ ಎಲ್ಲ ಮಾದರಿಗಳೂ ತೇರ್ಗಡೆಯಾದದ್ದು ಮುಂಬಯಿಯೊಂದರದೇ. ಚೆನ್ನೈಯ ನನ್ನ ಭಾವನ ಮನೆಯ ಉಪ್ಪು ಬೋರ್‌ವೆಲ್ ನೀರಿಗೆ ಆರ್.ಒ. ಬೇಕು, ನಿಜ. ನಮ್ಮಲ್ಲಿ ಭಯವೇನಿದ್ದರೂ ಮಾಳಿಗೆಯ ಟಾಕಿಯ ಕ್ರಿಮಿಗಳದು. ಅವನ್ನು ಮೀಟರು ತೋರಿಸಲಾರದು, ಆದರೆ ಕುದಿಸಿದರೆ ಸಾಯುತ್ತವೆ. ಇತ್ತ ಅನೇಕ ಯಂತ್ರಗಳು ಒಂದು ಲೀಟರು ಕೊಟ್ಟು ಮೂರು ಲೀಟರು ಮೋರಿಗೆ ಬಿಡುತ್ತವೆ.

ಹಾಗಾದರೆ ತಿಳಿದವರೂ ಏಕೆ ಕೊಂಡರು? ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1951ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಗೆರೆಗಳ ಉದ್ದ ಹೋಲಿಸುವ ಸುಲಭದ ಕೆಲಸ; ಆದರೆ ಜೊತೆಯಲ್ಲಿ ಕುಳಿತವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುತ್ತಿದ್ದರು. ಪರೀಕ್ಷೆಗೆ ಕುಳಿತವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಆ ತಪ್ಪಿಗೇ ದನಿಗೂಡಿಸಿದರು. ಜೊತೆಗಾರರಲ್ಲಿ ಒಬ್ಬನಾದರೂ ಸರಿಯುತ್ತರ ಹೇಳಿದಾಗ ಮಾತ್ರ ಈ ಹಿಂಬಾಲಿಕೆ ಬಹಳ ಇಳಿಯಿತು.

ಹಿಂಬಾಲಿಸದವರ ಕಷ್ಟ ನಮ್ಮ ಮನೆಗೂ ಬಂತು. ನಮ್ಮ ಧಾರವಾಡದ ಕಡೆ ಬಂದವರಿಗೆ ಮೊದಲು ಬೆಲ್ಲ, ನೀರು. ಸಂಕ್ರಾಂತಿಯ ಅರಿಷಿಣ ಕುಂಕುಮಕ್ಕೆ ಬಂದ ಇಬ್ಬರು ಲೋಟ ಹಿಡಿದು, "ಆರ್.ಒ. ನೀರೇ?" ಎಂದು ಕೇಳಿ, ಮುಟ್ಟದೆ ಕೆಳಗಿಟ್ಟರು. ಅವರು ಹೋದ ಮೇಲೆ ನನ್ನಾಕೆ ಅಂದಳು:

"ಅಲ್ರೀ, ನಿಮ್ಮ ಲೆಕ್ಕಾ ಖರೇನ ಅದ. ಆದ್ರ ನನ್ನ ಕೈಯಾನ ನೀರು ಮಂದಿ ಕೆಳಗಿಟ್ಟು ಹೋದ್ರ ನನಗ ಹೆಂಗ ಅನ್ನಸ್ತದ?"

ಇದಕ್ಕೆ ನನ್ನ ರಸಾಯನಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಯಂತ್ರ ಕೊಳ್ಳುವ ದುಡ್ಡಿನಲ್ಲಿ ಮಗಳ ಒಂದು ಟರ್ಮಿನ ಫೀ ಆಗುತ್ತದೆ. ಹಾಗೆಂದು ಅತಿಥಿಯ ಮುಂದೆ ಇವಳು ಮುಖ ಸಣ್ಣದು ಮಾಡಿಕೊಳ್ಳಬೇಕೆ?

ದಾರಿ ತೆಗೆದವಳು ಅವಳೇ. ಈಗ ಯಾರು ಬಂದರೂ, "ಇದು ನಳದ ನೀರು, ಕುದಿಸಿ ಆರಿಸಿದ್ದು" ಎಂದು ತಾನೇ ಮೊದಲು ಹೇಳುತ್ತಾಳೆ. ಬೇರೆ ಲೋಟದಲ್ಲಿ ಮೀಟರು ಅದ್ದಿ ಅಂಕಿ ತೋರಿಸುತ್ತಾಳೆ. ಅದೇ ತಂಬಿಗೆಯಿಂದ ತಾನೂ ಒಂದು ಲೋಟ ಕುಡಿಯುತ್ತಾಳೆ. ಬಂದವರೂ ಕುಡಿಯುತ್ತಾರೆ.

ಯಂತ್ರವಿಲ್ಲದ ಉಳಿದ ಮೂರು ಮನೆಯವರು ಈಗ ಅದರ ಮಾತೆತ್ತುವುದಿಲ್ಲ. ಮೀಟರುಗಳು ಮಾತ್ರ ಕಟ್ಟಡದಲ್ಲಿ ಐದಾಗಿವೆ. ಐದನೆಯದನ್ನು ಕೊಂಡ ಮೇಲಿನ ಮಹಡಿಯ ಮರಾಠಿ ವಹಿನಿಯನ್ನು, "ನಿಮ್ಮಲ್ಲಿ ಯಂತ್ರವೇ ಇದೆಯಲ್ಲ, ಇದೇಕೆ?" ಎಂದು ಕೇಳಿದೆ.

"ಎಲ್ಲರ ಮನೆಯಲ್ಲೂ ಇದೆಯಲ್ಲ!" ಎಂದರು.