ಹಾವೇರಿ ಸೀಮೆಯ ಖಾರ, ಪರನಾಡಿನ ಮಸಾಲೆ

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯ ಶಿಗ್ಗಾವಿ, ಸವಣೂರು, ಹಾನಗಲ್ಲು, ಹಿರೇಕೆರೂರು ತಾಲ್ಲೂಕುಗಳು ಮಹಿಮಾನ್ವಿತರ ನೆನಪಿನಿಂದ ಪುನೀತವಾದ ನೆಲ. ಶಿಗ್ಗಾವಿ ತಾಲ್ಲೂಕಿನ ಬಾಡ ಕನಕದಾಸರ, ಶಿಶುವಿನಾಳ ಷರೀಫ ಸಾಹೇಬರ ಜನ್ಮಭೂಮಿ. ಹಾನಗಲ್ಲಿನಲ್ಲಿ ತಾರಕೇಶ್ವರ ದೇವಾಲಯವಿದೆ. ಹಿರೇಕೆರೂರಿನ ಅಬಲೂರು ಏಕಾಂತದ ರಾಮಯ್ಯನವರ ಕಥೆಯೊಡನೆ ಬೆಸೆದುಕೊಂಡಿದೆ. ಈ ಕ್ಷೇತ್ರಗಳನ್ನು ಸಂದರ್ಶಿಸಿದ ನಾವು ಇಲ್ಲಿನ ಅಡುಗೆಮನೆಗಳತ್ತಲೂ ಗಮನ ಹರಿಸಿದೆವು. ಅದಕ್ಕೆ ಕಾರಣವುಂಟು. ಮಕ್ಕಳು ಬೆಂಗಳೂರು, ಸಿಂಗಪುರ, ಅಮೆರಿಕಗಳಲ್ಲಿ ನೆಲೆಸಿರುವ ಮನೆಗಳಿಗೆ ಇಂದು ಥಾಯ್, ಮಲಯ ಪದ್ಧತಿಯ ಅರೆದ ಮಸಾಲೆಯ ಸೀಸೆಗಳು ಬರುತ್ತಿವೆ. ಅವುಗಳಲ್ಲಿ ಒಳ್ಳೆಯದನ್ನು ಆರಿಸುವ ಬಗೆ ಹೇಗೆ? ಈ ಸೀಮೆಯ ಒರಳುಕಲ್ಲೇ ಅದನ್ನು ಕಲಿಸುತ್ತದೆ.

ಅರೆದ ಖಾರವು ಇಲ್ಲಿಯವರಿಗೆ ಹೊಸದಲ್ಲ. ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ತೊಳೆದು, ನೀರಿನ ಪಸೆಯಿಲ್ಲದಂತೆ ಒರೆಸಿ, ಉಪ್ಪು, ಹುಳಿ, ಬೆಳ್ಳುಳ್ಳಿ, ಮೆಂತ್ಯ, ಇಂಗುಗಳೊಡನೆ ಅರೆದು ಭರಣಿಯಲ್ಲಿ ತುಂಬುವ ರಂಜಕವು ಜೋಳದ ರೊಟ್ಟಿಯ ನಿತ್ಯ ಸಂಗಾತಿ. ಅದನ್ನು ಕಾಪಾಡುವುದು ಉಪ್ಪು, ಹುಳಿ ಮತ್ತು ಮೇಲಿನ ಎಣ್ಣೆ.

ಹಾನಗಲ್ಲು, ಹಿರೇಕೆರೂರುಗಳ ನೆರೆಯ ತಾಲ್ಲೂಕಾದ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಸುಕ್ಕುಗಟ್ಟಿದ ಸಿಪ್ಪೆ, ದಟ್ಟ ಕೆಂಪು, ಸೌಮ್ಯವಾದ ಖಾರ ಇದರ ಲಕ್ಷಣ. ಬಣ್ಣವೂ ಖಾರವೂ ಬೇರೆ ಬೇರೆ ಎಂಬ ಮೊದಲ ಪಾಠ ಇಲ್ಲಿಯದು. ಸೀಸೆಯ ಕೆಂಪನ್ನು ಕಂಡು ಮಸಾಲೆಯನ್ನು ಅಳೆಯಬಾರದು. ಕೃತಕ ಬಣ್ಣದ ಹೆಸರಿದ್ದರೆ ಬಿಡುವುದೇ ಲೇಸು.

ಎರಡನೆಯದು, ಪದಾರ್ಥಗಳ ಪಟ್ಟಿ. ನಮ್ಮ ದೇಶದಲ್ಲಿ ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬ ನಿಯಮವಿದೆ. ಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆಹುಲ್ಲುಗಳು ಮೊದಲಿಗಿದ್ದರೆ ಉತ್ತಮ. ನೀರು, ಸಕ್ಕರೆ ಮುಂದಿದ್ದರೆ ಹಣ ವ್ಯರ್ಥ.

ಮೂರನೆಯದು ನಮ್ಮ ಮನೆಗಳಿಗೆ ಅತಿಮುಖ್ಯ. ಥಾಯ್ ಮಸಾಲೆಯಲ್ಲಿ ಸಾಂಪ್ರದಾಯಿಕವಾಗಿ ಒಣ ಸೀಗಡಿಯ ಹಿಟ್ಟಣೆ ಸೇರಿರುತ್ತದೆ. ಚಿತ್ರದಲ್ಲಿ ತರಕಾರಿಯಿದ್ದರೂ ಒಳಗೆ ಅದಿರಬಹುದು. ಇಲ್ಲಿ ಮಾರುವ ಸೀಸೆಯ ಮೇಲೆ ಸಸ್ಯಾಹಾರಕ್ಕೆ ಹಸಿರು ವೃತ್ತ, ಮಾಂಸಾಹಾರಕ್ಕೆ ಕಂದು ತ್ರಿಕೋನದ ಗುರುತಿರುತ್ತದೆ. ಪರದೇಶದಲ್ಲಿ ಕೊಂಡದ್ದಕ್ಕೆ ಆ ಗುರುತಿನ ಆಸರೆಯಿಲ್ಲ. ಶ್ರಿಂಪ್, ಫಿಶ್ ಸಾಸ್, ಬೆಲಾಚಾನ್, ಕ್ರಸ್ಟೇಶಿಯನ್ ಎಂಬ ಪದಗಳನ್ನು ಹುಡುಕಿ ಓದಬೇಕು. ಮಗಳು ಪ್ರೀತಿಯಿಂದ ತಂದ ಸೀಸೆ ಅಜ್ಜಿಯ ತಟ್ಟೆಗೆ ಬೀಳುವ ಮುನ್ನ ಈ ಓದು ನಡೆಯಲಿ.

ನಂಬಿಕೆ ಬಾರದಿದ್ದರೆ ಮನೆಯಲ್ಲಿಯೇ ಅರೆಯಬಹುದು. ಬೀಜ ತೆಗೆದ ಹತ್ತು ಒಣ ಬ್ಯಾಡಗಿ ಮೆಣಸಿನಕಾಯಿಗಳನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ನಿಂಬೆಹುಲ್ಲು, ನಿಂಬೆಸಿಪ್ಪೆಯ ಹಸಿರು ಭಾಗ, ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಉಪ್ಪು ಸೇರಿಸಿ ನುಣ್ಣಗೆ ಅರೆಯಿರಿ. ಗಟ್ಟಿ ತೆಂಗಿನ ಹಾಲನ್ನು ಎಣ್ಣೆ ಬಿಡುವವರೆಗೆ ಕಾಯಿಸಿ, ಅದರಲ್ಲಿ ಮಸಾಲೆಯನ್ನು ಹುರಿದು, ಬಳಿಕ ಕಾಯಿಪಲ್ಲೆ ಹಾಕಬೇಕು. ಹಾನಗಲ್ಲು ಭಾಗದ ಭತ್ತದ ಗದ್ದೆಗಳನ್ನು ಕಂಡವರಿಗೆ ಇದು ಅನ್ನಕ್ಕೊಪ್ಪುವ ವ್ಯಂಜನವೆಂದು ಬೇರೆ ಹೇಳಬೇಕಿಲ್ಲ. ಊಟದ ಕೊನೆಗೆ ಸವಣೂರಿನ ವೀಳ್ಯದೆಲೆಯಿದ್ದರಂತೂ ಪೂರ್ಣ ತೃಪ್ತಿ.

ಮೆಣಸಿನಕಾಯಿಯೂ ಒಮ್ಮೆ ಪರದೇಶದ್ದೇ. ಅಮೆರಿಕ ಖಂಡದ ಈ ಬೆಳೆ ಪೋರ್ತುಗೀಸರ ಮೂಲಕ 16ನೆಯ ಶತಮಾನದಲ್ಲಿ ನಮ್ಮಲ್ಲಿಗೆ ಬಂದಿತು. ನಮ್ಮ ಹಿರಿಯರು ಅದನ್ನು ಬೆಳೆದು, ಅರಿತು, ತಮ್ಮ ಪಾಕಕ್ಕೆ ಒಗ್ಗಿಸಿಕೊಂಡರು. ಹೊರಗಿನಿಂದ ಬಂದುದನ್ನೆಲ್ಲ ತಿರಸ್ಕರಿಸುವುದು ಬೇಡ, ಅರಿಯದೆ ಸ್ವೀಕರಿಸುವುದೂ ಬೇಡ. ಒಳಗೇನಿದೆಯೆಂದು ತಿಳಿದು ಬಡಿಸಿದ ಅನ್ನವನ್ನು ಮನೆಮಂದಿಯೆಲ್ಲ ನಿಶ್ಚಿಂತೆಯಿಂದ ಉಣ್ಣಬಹುದು.